ಗೀತೆಯ ಫಲ ಯಾರ ಗಲ್ಲಾಪೆಟ್ಟಿಗೆಗೆ?



ನಮ್ಮ ಸದಸ್ಯರು ದುಡಿಯುವ ಮುಂಬಯಿಯ ಹೋಟೆಲೊಂದರ ಮಾಳಿಗೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಗೀತಾ ಪ್ರವಚನ ನಡೆಯುತ್ತದೆ. ಊಟದ ಗಲಾಟೆ ಮುಗಿದು ಚಹಾದ ಗಿರಾಕಿಗಳು ಬರುವ ತನಕ ದೊರೆಯುವ ಎರಡು ತಾಸಿನ ಬಿಡುವು ಅದಕ್ಕೇ ಸಲ್ಲುತ್ತದೆ. ಹೋಗಲಿ, ದೇವರ ಮಾತು ಕೇಳಲು ನಮಗೆ ಬೇಸರವಿಲ್ಲ. ಆದರೆ ಕಳೆದ ತಿಂಗಳು ಮಾಣಿಯೊಬ್ಬನು ಬಾಕಿ ಸಂಬಳ ಕೇಳಿದಾಗ, ಮಾಲಕರು ಹಣದ ಬದಲು ಎರಡನೆಯ ಅಧ್ಯಾಯದ 47ನೆಯ ಶ್ಲೋಕವನ್ನು ಕೊಟ್ಟರು. ಮನುಷ್ಯನಿಗೆ ಕರ್ಮದಲ್ಲಿ ಮಾತ್ರ ಅಧಿಕಾರವಂತೆ, ಫಲದಲ್ಲಿ ಇಲ್ಲವಂತೆ! ಹುಡುಗ ತಲೆ ತಗ್ಗಿಸಿ ಬಂದ. ಹಣ ಬಾರದ ದುಃಖಕ್ಕಿಂತ, ಕೇಳಿ ಪಾಪ ಮಾಡಿದೆನೋ ಎಂಬ ಅಂಜಿಕೆಯೇ ಅವನಿಗೆ ಹೆಚ್ಚಾಗಿತ್ತು.

ಆ ಅಂಜಿಕೆಯ ಕುರಿತೇ ನಮ್ಮ ತಕರಾರು. ಸಂಬಳ ಇಂದಲ್ಲ ನಾಳೆ ವಸೂಲಾದೀತು. ಮನಸ್ಸನ್ನೇ ಅಡವಿಟ್ಟವನು ಅದನ್ನು ಬಿಡಿಸಿಕೊಳ್ಳುವುದು ಯಾವಾಗ? ಗಿರಣಿಯ ಬಂಧುಗಳೂ ಇದನ್ನು ಬಲ್ಲರು. ಅಲ್ಲಿ ಬೋನಸ್ ಕೇಳಿದಾಗ ಹಣೆಬರಹವೆಂಬ ಶಾಸ್ತ್ರ ಹೊರಬರುತ್ತಿತ್ತು.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮುಸುರೆ ತಿಕ್ಕಿ, ಸಂಘಕ್ಕೆ ಬಂದವರು ನಾವು. ಸಂಸ್ಕೃತ ಬಾರದು. ಆದರೂ ಕನ್ನಡ ತಾತ್ಪರ್ಯ ಹಿಡಿದು ಓದಿ ನೋಡಿದೆವು. ಆ ಶ್ಲೋಕ ಆಳಿಗೆ ಒಂದು, ಧಣಿಗೆ ಇನ್ನೊಂದು ಎಂದು ಎಲ್ಲಿಯೂ ಹೇಳಿಲ್ಲ. ಫಲದ ಆಸೆ ಬಿಡಬೇಕಾದರೆ ರಾತ್ರಿ ಗಲ್ಲಾ ಎಣಿಸುವ ಕೈಯೂ ಬಿಡಬೇಕಲ್ಲವೇ?

“ಶಾಸ್ತ್ರಕ್ಕೆ ಅರ್ಥ ಹೇಳಲು ನೀವು ಯಾರು?” ಎಂದು ಪ್ರವಚನಕಾರರು ಸಿಡುಕಿದರು. ಸ್ವಾಮೀ, ಒಂದೇ ಅರ್ಥವಿದ್ದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಶಂಕರಾಚಾರ್ಯರು ಈ ಗೀತೆಯಲ್ಲಿಯೇ ಜ್ಞಾನವನ್ನೂ ಸಂನ್ಯಾಸವನ್ನೂ ಕಂಡರು. ನಮ್ಮ ಉಡುಪಿ ಸೀಮೆಯ ಮಧ್ವಾಚಾರ್ಯರು ಅದನ್ನು ಒಪ್ಪದೆ ಬೇರೆಯೇ ಭಾಷ್ಯ ಬರೆದರು. ಮಂಡಾಲೆಯ ಸೆರೆಮನೆಯಲ್ಲಿ ತಿಲಕರಿಗೆ ಅದು ಕರ್ಮಯೋಗವಾಗಿ ಕಂಡು, 1915ರಲ್ಲಿ ‘ಗೀತಾರಹಸ್ಯ’ ಹೊರಬಂತು. ಗಾಂಧೀಜಿಗೋ ಕುರುಕ್ಷೇತ್ರವೆಂದರೆ ಮನುಷ್ಯನ ಎದೆಯೊಳಗಿನ ಯುದ್ಧ. ಇವರ ಪಾಂಡಿತ್ಯ ನಮಗಿಲ್ಲ, ಒಪ್ಪಿದೆವು. ಅಂತಃಸಾಕ್ಷಿಯೂ ಪಂಡಿತರಿಗೆ ಮಾತ್ರ ಹಂಚಿದ ಪ್ರಸಾದವೇ?

ಪುಸ್ತಕವನ್ನೇ ಒಲೆಗೆ ಹಾಕಿ ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಡಾ. ಅಂಬೇಡ್ಕರರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟವರು ಅದರಲ್ಲಿ ಏನಿದೆಯೆಂದು ತಿಳಿದು ಸುಟ್ಟರು. ಓದದೆ ಸುಡಹೊರಟವರಿಗೂ ಓದದೆ ಅಡ್ಡಬೀಳುವವರಿಗೂ ನಮ್ಮ ಲೆಕ್ಕದಲ್ಲಿ ಅಂತರವಿಲ್ಲ.

ಅಲ್ಲದೆ, ಕೃಷ್ಣನ ಮಾತು ಹೇಳುವವರು ಅವನ ನಡತೆಯನ್ನೇಕೆ ಮರೆಮಾಡುತ್ತಾರೆ? ಊರಿನಲ್ಲಿ ‘ಕೃಷ್ಣಸಂಧಾನ’ದ ತಾಳಮದ್ದಳೆಯನ್ನು ನಿದ್ದೆಗೆಟ್ಟು ಕೇಳಿದವರು ನಾವು. ಪಾಂಡವರ ಪಾಲು ಕೇಳಲು ಹಸ್ತಿನಾವತಿಗೆ ಹೋದವನು ಯಾರು? ಅರ್ಧ ರಾಜ್ಯ ಕೊಡದಿದ್ದರೆ ಐದು ಊರಾದರೂ ಕೊಡು ಎಂದು ತುಂಬಿದ ಸಭೆಯಲ್ಲಿ ವಾದಿಸಿದವನು ಯಾರು? ಪಾಲು ಕೇಳುವುದು ಪಾಪವಾದರೆ ಆ ಪಾಪ ಮೊದಲು ಅವನದೇ.

ಪ್ರವಚನ ಇನ್ನೂ ಹದಿನೆಂಟನೆಯ ಅಧ್ಯಾಯಕ್ಕೆ ಬಂದಿಲ್ಲ. ಅಲ್ಲಿ 63ನೆಯ ಶ್ಲೋಕದಲ್ಲಿ, ತನ್ನ ಉಪದೇಶವನ್ನು ಪೂರ್ತಿಯಾಗಿ ವಿಚಾರ ಮಾಡಿ ಇಷ್ಟಬಂದಂತೆ ನಡೆಯೆಂದು ಕೃಷ್ಣನು ಅರ್ಜುನನಿಗೇ ಬಿಡುತ್ತಾನೆ. ಮುಂದೆ ಶರಣಾಗೆಂದೂ ಇದೆಯಲ್ಲ ಎಂದಾರು. ಇದೆ, ಕೃಷ್ಣನಿಗೆ ಶರಣಾಗೆಂದಿದೆ, ಮಾಲಕರಿಗಲ್ಲ.

ಬರುವ ಗುರುವಾರ ಮಾಳಿಗೆ ಹತ್ತುವಾಗ ಆ ಪುಟಕ್ಕೆ ಗುರುತಿಟ್ಟು ಒಯ್ಯುತ್ತೇವೆ. ಮಾಣಿಯ ಬಾಕಿ ಲೆಕ್ಕದ ಚೀಟಿಯೂ ಅದೇ ಪುಟದಲ್ಲಿರುತ್ತದೆ.