ಬ್ಯಾಗು ಕೊಡಿ, ಮಕ್ಕಳ ಮುಖ ಬಿಡಿ

ನೋಟ್‌ಬುಕ್ಕು ಹತ್ತು, ಫೋಟೊ ನೂರು. ನಮ್ಮ ಹಳ್ಳಿ ಶಾಲೆಗಳಿಗೆ ಬರುವ ಕೆಲವು ಸೇವಾ ಸಂಸ್ಥೆಗಳ ಲೆಕ್ಕ ಹೀಗಾಗಿದೆ. ಬ್ಯಾನರ್ ಕಟ್ಟಿ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ 'ನಗು ಪುಟ್ಟಾ' ಅನ್ನುತ್ತಾರೆ. ಸಂಜೆಗೆ ರೀಲ್ಸ್ ರೆಡಿ, ಹಿಂದೆ ಅಳುವ ಪಿಟೀಲು ಬೇರೆ! ಬಿಟ್ಟಿ ಬ್ಯಾಗಿನ ಆ ಹುಡುಗಿ ಪಿಯುಸಿಗೆ ಹೋದಾಗಲೂ ವಿಡಿಯೊ ಯಾರದೋ ಫೋನಿನಲ್ಲಿ ಇದ್ದೇ ಇರುತ್ತದೆ.

ಪ್ರಚಾರವೇ ಬೇಡ ಅಂತ ನಾವು ಹೇಳುತ್ತಿಲ್ಲ. 2014ರಲ್ಲಿ ಎಎಲ್‌ಎಸ್ ಎಂಬ ನರರೋಗಕ್ಕಾಗಿ ಜನ ತಲೆ ಮೇಲೆ ಐಸ್ ನೀರು ಸುರಿದುಕೊಂಡು ವಿಡಿಯೊ ಹಾಕಿದರು. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಬಂತು. ಅಲ್ಲಿ ಒದ್ದೆಯಾಗಿದ್ದು ಕೊಡುವವರ ತಲೆ. ಇಲ್ಲಿ ತಗ್ಗುವುದು ಪಡೆಯುವವರ ತಲೆ.

ವಿಚಾರಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಬೀಳಬಹುದು. ಬ್ಯಾಗು ಪಡೆದ ಮಗುವಿಗೆ ಆ ಸೆಕ್ಷನ್ ಅನ್ವಯಿಸದಿರಬಹುದು. ಮಾನ ಅದಕ್ಕೂ ಇದೆಯಲ್ಲ?

ಎಸ್‌ಡಿಎಂಸಿಯವರೇ, ಮುಂದಿನ ಸಲ ಕ್ಯಾಮೆರಾ ಬಂದಾಗ ಕೇಳಿ: ವಿಡಿಯೊ ಎಲ್ಲಿ ಹಾಕುತ್ತೀರಿ? ಅಪ್ಪ-ಅಮ್ಮ ಒಪ್ಪಿದ್ದಾರಾ? ಬೇಡ ಅಂದರೆ ತೆಗೆಯುತ್ತೀರಾ? ಬ್ಯಾಗಿಗೆ ಎಷ್ಟಾಯಿತು, ಬ್ಯಾನರಿಗೆ ಎಷ್ಟಾಯಿತು ಅನ್ನೋದನ್ನೂ ಅದೇ ಪೇಜಿನಲ್ಲಿ ಹಾಕಲಿ. ಅದಕ್ಕೆ ನಾವೇ ಮೊದಲು ಲೈಕ್ ಒತ್ತುತ್ತೇವೆ.