ಹೋಟೆಲಿನ ಪರೀಕ್ಷಕರು ಮನೆಯಲ್ಲಿದ್ದಾರೆ



ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ, ನಿವೃತ್ತಿಯ ನಂತರ ನಿಮ್ಮಿಂದ ಬರುವ ಪ್ರಶ್ನೆಗಳಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದ್ದು ಒಂದೂ ಇರುವುದಿಲ್ಲ. ಮೈಸೂರಿಗೆ ಬಂದವರು ಕುಶಲೋಪರಿಯಾದ ಮೇಲೆ ಮೆಲ್ಲನೆ ಕೇಳುವುದು ಇಷ್ಟೇ: "ಸಾರ್, ಈಗ ದೋಸೆ ಎಲ್ಲಿ ಚೆನ್ನಾಗಿದೆ?" ನಿಮ್ಮ ಮೇಷ್ಟ್ರು ತಿಂಡಿಪ್ರಿಯರೆಂಬುದು ನೀವು ಎಂಟನೆಯ ತರಗತಿಯಲ್ಲಿದ್ದಾಗಲೇ ಕಂಡುಕೊಂಡ ಸತ್ಯ; ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಆದರೆ ಒಂದು ಹೋಟೆಲಿನ ಹೆಸರು ಹೇಳಿ ಕಳುಹಿಸಿಬಿಟ್ಟರೆ ಪ್ರಶ್ನೆಗೆ ಪೂರ್ಣ ಉತ್ತರ ಕೊಟ್ಟಂತಾಗುವುದಿಲ್ಲ. ಹೋಟೆಲು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಹೇಗೆ ಮತ್ತು ಆ ತೀರ್ಮಾನದ ಶಕ್ತಿ ನಮಗೆ ಬರುವುದು ಎಲ್ಲಿಂದ ಎಂಬುದನ್ನು ಈ ಸಲ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ನನ್ನ ಅಳತೆಗೋಲು. ಹೊಸ ಹೋಟೆಲಿಗೆ ಹೋದಾಗ ನಾನು ಗೋಡೆಯ ಮೇಲಿನ ಉದ್ದನೆಯ ಪಟ್ಟಿಯನ್ನು ಓದುವುದಿಲ್ಲ. ಇಡ್ಲಿ, ಅದರೊಡನೆ ಚಟ್ನಿ, ಕೊನೆಗೊಂದು ಕಾಫಿ. ಮಧ್ಯಾಹ್ನವಾದರೆ ಅನ್ನ ಮತ್ತು ತಿಳಿಸಾರು. ಇವುಗಳಲ್ಲಿ ಯಾವುದಕ್ಕೂ ಮರೆಯಾಗಿ ನಿಲ್ಲಲು ಜಾಗವಿಲ್ಲ. ಹಿಟ್ಟು ಹಳತಾಗಿದ್ದರೆ ದೋಸೆಯಲ್ಲಿ ಬೆಣ್ಣೆ ಹಾಕಿ ಮುಚ್ಚಬಹುದು, ಚೀಸ್ ತುರಿದು ಮುಚ್ಚಬಹುದು, ಇಡ್ಲಿಯಲ್ಲಿ ಮುಚ್ಚಲಾಗದು. ಸೋಡಾ ಹೆಚ್ಚಾದರೆ ಬಾಯಲ್ಲಿ ಸಾಬೂನಿನ ಛಾಯೆ ಉಳಿಯುತ್ತದೆ. ಚಟ್ನಿಗೆ ತೆಂಗಿನಕಾಯಿ ಕಡಿಮೆ ಹಾಕಿ ಹುರಿಗಡಲೆ ಹೆಚ್ಚಿಸಿದ್ದರೆ ನಾಲಗೆಗೆ ಹಿಟ್ಟು ಹಿಟ್ಟಾಗಿ ಅಂಟುತ್ತದೆ. ಐವತ್ತು ಬಗೆಯ ದೋಸೆ ಮಾಡುವ ಹೋಟೆಲು ಒಂದು ಬಗೆಯ ಇಡ್ಲಿಯನ್ನು ನೆಟ್ಟಗೆ ಮಾಡದಿದ್ದರೆ, ನನ್ನ ದೃಷ್ಟಿಯಲ್ಲಿ ಅದು ಐಚ್ಛಿಕ ವಿಷಯಗಳಲ್ಲಿ ಅಂಕ ಗಳಿಸಿ ಕಡ್ಡಾಯ ವಿಷಯದಲ್ಲಿ ಅನುತ್ತೀರ್ಣವಾದ ವಿದ್ಯಾರ್ಥಿಯಂತೆ.

ಈ ಅಳತೆಗೋಲಿನಲ್ಲಿ ಗೆದ್ದ ಹೋಟೆಲುಗಳ ಪಟ್ಟಿ ಚಿಕ್ಕದಾಗಿರುವುದನ್ನು ಗಮನಿಸಿ. ಬೆಂಗಳೂರಿನ ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ ಇಷ್ಟರಲ್ಲಿಯೇ ವ್ಯವಹಾರ ಮುಗಿಯುತ್ತದೆ. ಅಲ್ಲಿ ಸಾಂಬಾರು ಕೊಡುವುದಿಲ್ಲ. ಚಟ್ನಿಯೊಂದನ್ನೇ ನಂಬಿ ಇಷ್ಟು ದಶಕ ನಡೆದುಬಂದಿರುವುದು ಆ ಚಟ್ನಿಯ ಮೇಲೆ ಅವರಿಗಿರುವ ವಿಶ್ವಾಸವನ್ನು ತೋರಿಸುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಸಣ್ಣ ಉಪಾಹಾರ ಗೃಹ. ಅಲ್ಲಿನ ದೋಸೆ ದಪ್ಪ, ಮೇಲೆ ಗರಿಗರಿ, ಒಳಗೆ ಮೆತ್ತಗೆ. ತೀರ ಎಣ್ಣೆ ತುಪ್ಪವಾಯಿತೆಂದು ಕೆಲವರು ದೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ತಿಂಗಳಿಗೊಮ್ಮೆ ತಿನ್ನುವವನಿಗೆ ದೂರುವ ಹಕ್ಕಿಲ್ಲ, ದಿನವೂ ತಿನ್ನುವವನಿಗೆ ವೈದ್ಯರೇ ಹೇಳುತ್ತಾರೆ.

ನಮ್ಮ ಮೈಸೂರಿನ ನಜರಬಾದಿನ ಮೈಲಾರಿ ದೋಸೆ ಇದಕ್ಕೆ ತದ್ವಿರುದ್ಧ. ಹತ್ತಿಯಂತೆ ಮೃದು, ಮೇಲೊಂದು ಬೆಣ್ಣೆಯ ತುಣುಕು, ಜೊತೆಗೆ ಸಾಗು ಮತ್ತು ಕಾಯಿ ಚಟ್ನಿ. ಅದೇ ಹೆಸರಿನ ಹೋಟೆಲುಗಳು ಹತ್ತಿರ ಹತ್ತಿರವೇ ಇವೆ; ಮೂಲ ಯಾವುದೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ದಾವಣಗೆರೆಯ ಬೆಣ್ಣೆ ದೋಸೆ ಇನ್ನೊಂದು ದಾರಿಯದು: ಹಿಟ್ಟಿಗೆ ಮಂಡಕ್ಕಿ ಸೇರುತ್ತದೆ, ಬೆಣ್ಣೆ ಧಾರಾಳ, ಆಲೂಗಡ್ಡೆ ಪಲ್ಯ ಸಪ್ಪೆಯೆನಿಸುವಷ್ಟು ಸರಳ. ಮೂರು ಊರು, ಮೂರು ದೋಸೆ. ಒಂದನ್ನೊಂದು ಅನುಕರಿಸದಿರುವುದೇ ಅವುಗಳ ಹೆಗ್ಗಳಿಕೆ.

1924ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಸ್ಥಾಪಿಸಿದ ಎಂ.ಟಿ.ಆರ್. ಕಥೆ ಇಲ್ಲಿ ನೆನಪಿಗೆ ಬರುತ್ತದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆ ಇಳಿಸಬೇಕೆಂಬ ಕಟ್ಟಳೆ ಬಂದಾಗ, ಗುಣಮಟ್ಟ ಇಳಿಸಲು ಒಪ್ಪದೆ ಅವರು ಹೋಟೆಲನ್ನೇ ಮುಚ್ಚಿ, ಕೆಲಸಗಾರರನ್ನು ಉಳಿಸಿಕೊಳ್ಳಲು ಪುಡಿಗಳ ಮತ್ತು ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಕೈಹಾಕಿದರೆಂಬುದು ಪ್ರಸಿದ್ಧ ಸಂಗತಿ. ಹೋಟೆಲು ಮುಂದೆ ಮತ್ತೆ ತೆರೆಯಿತು. ಪುಡಿಗಳ ಉದ್ಯಮ 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿಯ ಕೈಸೇರಿತು. ತುಪ್ಪ ಬದಲಾಯಿಸಿ, ಕಾಯಿ ಕಡಿಮೆ ಮಾಡಿ ಅದೇ ಹಲಗೆಯ ಕೆಳಗೆ ವ್ಯಾಪಾರ ನಡೆಸುವುದು ಅವರಿಗೆ ಕಷ್ಟವೇನೂ ಇರಲಿಲ್ಲ. ಹಾಗೆ ಮಾಡಲು ಅವರ ಅಭಿಮಾನ ಅಡ್ಡಬಂದಿತು ನಿಜ. ಆದರೆ ಎದುರಿಗೆ ಕುಳಿತ ಗಿರಾಕಿಗೆ ವ್ಯತ್ಯಾಸ ತಿಳಿದೇ ತಿಳಿಯುತ್ತಿತ್ತೆಂಬುದೂ ಅಷ್ಟೇ ನಿಜ.

ಇಂದು ಆ ಗಿರಾಕಿ ಎಲ್ಲಿದ್ದಾನೆ? ಕೆಲ ತಿಂಗಳ ಹಿಂದೆ ಒಂದು ದೊಡ್ಡ ಉಪಾಹಾರ ಮಂದಿರದಲ್ಲಿ ಇಡ್ಲಿ ತಿಂದೆ. ಸೋಡಾದ ವಾಸನೆ, ಜೊತೆಗೆ ಹಿಂದಿನ ದಿನದ ಚಟ್ನಿ. ಗಲ್ಲಾದ ಮುಂದೆ ನಿಂತು ವಿನಯದಿಂದಲೇ ಹೇಳಿದೆ. ಅಲ್ಲಿದ್ದ ಯುವಕ ಅಷ್ಟೇ ವಿನಯದಿಂದ, "ಬೆಳಗ್ಗೆಯಿಂದ ನಾನೂರು ಪ್ಲೇಟ್ ಹೋಗಿದೆ ಸಾರ್, ಯಾರೂ ಏನೂ ಹೇಳಿಲ್ಲ, ನೀವೊಬ್ಬರೇ" ಎಂದ. ಅವನು ಸುಳ್ಳು ಹೇಳಿದನೆಂದು ನನಗೆ ಅನ್ನಿಸಲಿಲ್ಲ. ನಾನೂರು ಜನ ತಿಂದಿದ್ದರು, ನಾನೂರು ಜನರೂ ಸುಮ್ಮನೆ ಎದ್ದು ಹೋಗಿದ್ದರು. ಅನೇಕರು ಹಳಸಲು ಚಟ್ನಿಯನ್ನು ಗುರುತಿಸಿಯೇ ಇರಲಾರರು ಎಂಬುದು ನನ್ನನ್ನು ಹೆಚ್ಚು ಕಳವಳಗೊಳಿಸಿತು.

ಇದು ಕೇವಲ ರುಚಿಯ ಮಾತೆಂದು ತಳ್ಳಿಹಾಕಬೇಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ, ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುತ್ತಿರುವುದು ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಕಂಡುಬಂದಿತು. ನೋಡಿದ ಸುಮಾರು 250 ಕಡೆಗಳಲ್ಲಿ 50ಕ್ಕೂ ಹೆಚ್ಚು ಕಡೆ ಇದೇ ಸ್ಥಿತಿ. ಕಾನೂನು ಬರಲಿ, ಅಧಿಕಾರಿಗಳು ಬರಲಿ. ಆದರೆ ಅಧಿಕಾರಿ ವರ್ಷಕ್ಕೊಮ್ಮೆ ಬಂದಾನು, ಗಿರಾಕಿ ದಿನವೂ ಬರುತ್ತಾನೆ. ಮಂಚೂರಿ ಅಷ್ಟು ಕೆಂಪಾಗಿರಲು ಸಾಧ್ಯವೇ, ಇಡ್ಲಿಯ ಬೆನ್ನು ಗಾಜಿನಷ್ಟು ನುಣುಪಾಗಿರುವುದೇಕೆ ಎಂದು ಕೇಳಬೇಕಾದವನು ಅವನು. ಹಾಗೆ ಕೇಳಬೇಕಾದರೆ, ಸರಿಯಾದ ಇಡ್ಲಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಬೇಕು. ಆ ಜ್ಞಾನ ಬರುವುದು ಹೋಟೆಲಿನಿಂದಲ್ಲ, ಮನೆಯಿಂದ. ಮನೆಯಲ್ಲಿ ಅಡುಗೆ ನಿಂತರೆ ಊರಿನ ಹೋಟೆಲುಗಳಿಗೆ ಪರೀಕ್ಷಕರೇ ಇಲ್ಲದಂತಾಗುತ್ತದೆ. ಪರೀಕ್ಷಕರಿಲ್ಲದ ಪರೀಕ್ಷೆಯ ಫಲಿತಾಂಶ ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎಲ್ಲವನ್ನೂ ಮನೆಯಲ್ಲೇ ಮಾಡಿರೆಂದು ನಾನು ಹೇಳುವುದಿಲ್ಲ. ಮೂರನ್ನು ಮಾತ್ರ ಬಿಡಬೇಡಿ: ಇಡ್ಲಿಯ ಹಿಟ್ಟು, ಸಾರಿನ ಪುಡಿ, ಕಾಫಿಯ ಡಿಕಾಕ್ಷನ್. ಕ್ರಮವಾಗಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು.

ಇಡ್ಲಿ ನಮ್ಮ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ 'ಇಡ್ಡಲಿಗೆ'ಯ ಹೆಸರಿದೆ. ಆದರೆ ಹಳೆಯ ಗ್ರಂಥಗಳಲ್ಲಿ ಹೇಳಿರುವುದು ಉದ್ದಿನದು ಮಾತ್ರ. ಅಕ್ಕಿ ಜೊತೆಗೂಡಿದ್ದು ಅನಂತರ. ಈಗ ಮನೆಯ ಅಳತೆ: ಒಂದು ಪಾವು ಉದ್ದಿನಬೇಳೆಗೆ ಎರಡು ಪಾವು ಇಡ್ಲಿ ರವೆ. ಬೇಳೆಯನ್ನು ನಾಲ್ಕು ಗಂಟೆ ನೆನೆಸಿ, ತಣ್ಣೀರು ಚಿಮುಕಿಸುತ್ತ ನೊರೆ ನೊರೆಯಾಗುವವರೆಗೆ ರುಬ್ಬಬೇಕು. ಮಿಕ್ಸಿಯಾದರೆ ಬಿಸಿಯಾಗದಂತೆ ನಡುನಡುವೆ ನಿಲ್ಲಿಸಿ. ಒಂದು ತೊಟ್ಟು ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಿ. ರವೆಯನ್ನು ತೊಳೆದು ಹಿಂಡಿ ಸೇರಿಸಿ, ಪಾತ್ರೆ ಅರ್ಧದಷ್ಟೇ ತುಂಬುವಂತೆ ನೋಡಿಕೊಳ್ಳಿ. ಬೇಳೆಯಲ್ಲಿಯೇ ಇರುವ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಉತ್ಪಾದಿಸುತ್ತವೆ. ಉದ್ದಿನ ಜಿಗುಟು ಆ ಅನಿಲವನ್ನು ಹಿಡಿದಿಡುತ್ತದೆ. ಇದೇ ಇಡ್ಲಿಯ ಉಬ್ಬಿನ ರಹಸ್ಯ. ಆ ಕೆಲಸಕ್ಕೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಹಿತಕರ. ಆದ್ದರಿಂದಲೇ ಡಿಸೆಂಬರಿನ ಬೆಂಗಳೂರಿನಲ್ಲಿ ಹಿಟ್ಟು ಮುನಿಸಿಕೊಳ್ಳುತ್ತದೆ. ಚಳಿದೇಶಗಳಲ್ಲಿರುವ ನೀವು, ಓವನ್ ಉರಿಸದೆ ಅದರ ದೀಪವನ್ನಷ್ಟೇ ಹಾಕಿ ಪಾತ್ರೆಯನ್ನು ಒಳಗಿಡಿ. ಉಬ್ಬಿದ ಹಿಟ್ಟನ್ನು ರಭಸದಿಂದ ತಿರುವಬೇಡಿ. ರಾತ್ರಿಯೆಲ್ಲ ಸಂಗ್ರಹಿಸಿದ ಗಾಳಿ ಹೊರಟುಹೋಗುತ್ತದೆ. ಹನ್ನೆರಡು ನಿಮಿಷ ಹಬೆ, ಎರಡು ನಿಮಿಷ ವಿಶ್ರಾಂತಿ, ಒದ್ದೆ ಚಮಚದಿಂದ ತೆಗೆಯಿರಿ.

ಸಾರಿನ ಪುಡಿಗೆ 100 ಗ್ರಾಂ ಕೊತ್ತಂಬರಿ ಬೀಜ, 100 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 20 ಗ್ರಾಂ ಜೀರಿಗೆ, 15 ಗ್ರಾಂ ಕರಿಮೆಣಸು, ಸಾಸಿವೆ ಮತ್ತು ಮೆಂತ್ಯ ತಲಾ 10 ಗ್ರಾಂ, ಒಂದು ಹಿಡಿ ಕರಿಬೇವು, ಚಿಟಿಕೆ ಇಂಗು. ಬ್ಯಾಡಗಿಯೇ ಏಕೆಂದರೆ ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿದೆ. ಖಾರ ಬೇಕೆನ್ನುವವರು ನಾಲ್ಕು ಗುಂಟೂರು ಸೇರಿಸಲಿ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಕಹಿಯಾಗಿರುತ್ತದೆ. ಒಟ್ಟಿಗೆ ಹುರಿದರೆ ಎರಡೂ ಕೆಡುತ್ತವೆ. ಆರಿದ ಮೇಲೆ ಪುಡಿಮಾಡಿ, ಎರಡು ತಿಂಗಳಿಗಾಗುವಷ್ಟು ಮಾತ್ರ. ಪರಿಮಳವೆಂಬುದು ಆವಿಯಾಗುವ ಎಣ್ಣೆ. ಡಬ್ಬದಲ್ಲಿ ಎಷ್ಟು ಭದ್ರವಾಗಿಟ್ಟರೂ ಅದು ತನ್ನ ದಾರಿ ಹಿಡಿಯುತ್ತದೆ. ಸಾರು ಮಾಡುವಾಗ ಹುಣಸೆರಸದ ಹಸಿವಾಸನೆ ಹೋಗುವವರೆಗೆ ಚೆನ್ನಾಗಿ ಕುದಿಸಿ, ಬೇಳೆಕಟ್ಟು ಹಾಕಿದ ಮೇಲೆ ನೊರೆಯೇರಿದೊಡನೆ ಇಳಿಸಿ. ತುಪ್ಪದ ಒಗ್ಗರಣೆ ಕೊನೆಗೆ. ಸಾರು ತಿಳಿಯಾಗಿ, ಹುಳಿ ಮುಂದೆ, ಖಾರ ಹಿಂದೆ ಬರಬೇಕು.

ಇನ್ನು ಕಾಫಿ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡ 51ರಷ್ಟಿರಬೇಕೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಿಯಮವಿದೆ. ಅಂದರೆ ಸುಮಾರು ಅರ್ಧದಷ್ಟು ಬೇರಿನ ಪುಡಿಯನ್ನೇ ಕಾಫಿಯೆಂದು ನೀವು ಕೊಳ್ಳುತ್ತಿರಬಹುದು. ಚಿಕೋರಿ ಶೇಕಡ 20ಕ್ಕೆ ಮೀರದ ಪುಡಿಯನ್ನು ಆರಿಸಿ. ಕುದಿಬಂದ ನೀರನ್ನು ಅರೆನಿಮಿಷ ಬಿಟ್ಟು ಫಿಲ್ಟರಿಗೆ ಸುರಿಯಿರಿ, ಇಳಿಯುವವರೆಗೆ ಕಾಯಿರಿ, ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ. ಹಾಲು ಮಾತ್ರ ಕುದಿಯುತ್ತಿರಲಿ.

ಇಷ್ಟನ್ನು ಓದಿ ನಿಮ್ಮಲ್ಲಿ ಕೆಲವರು, ವಿಶೇಷವಾಗಿ ಹೆಣ್ಣುಮಕ್ಕಳು, ಮನಸ್ಸಿನಲ್ಲಿ ಏನೆಂದುಕೊಳ್ಳುತ್ತೀರೆಂದು ನಾನು ಬಲ್ಲೆ: "ಮೇಷ್ಟ್ರಿಗೇನು, ನಿವೃತ್ತರು. ಎರಡು ಗಂಟೆ ಬಸ್ಸಿನಲ್ಲಿ ಕಳೆದು ಮನೆಗೆ ಬರುವ ನಾವು ಉದ್ದು ರುಬ್ಬಬೇಕೆ?" ಆಕ್ಷೇಪ ನ್ಯಾಯವಾದುದು. ಮನೆಯೂಟದ ಹಿರಿಮೆಯನ್ನು ಹೊಗಳಿದ ನಮ್ಮ ಹಿರಿಯರಲ್ಲಿ ಬಹುಮಂದಿ ಉಂಡವರೇ ಹೊರತು ರುಬ್ಬಿದವರಲ್ಲ. ಹಬ್ಬದ ದಿನ ಹದಿನೈದು ಎಲೆಗೆ ಬಡಿಸಿ, ಮೂರು ಗಂಟೆಗೆ ತಣ್ಣಗಾದ ಅನ್ನ ಉಣ್ಣುತ್ತಿದ್ದ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. ಆ ವ್ಯವಸ್ಥೆ ಮರಳಿ ಬರಲೆಂದು ನಾನು ಖಂಡಿತ ಬಯಸುವುದಿಲ್ಲ. ಹೋಟೆಲು ಎಷ್ಟೋ ಮನೆಗಳ ಹೆಂಗಸರಿಗೆ ಭಾನುವಾರವನ್ನು ದೊರಕಿಸಿಕೊಟ್ಟಿದೆಯೆಂಬುದು ಸಣ್ಣ ಉಪಕಾರವಲ್ಲ.

ಆದುದರಿಂದ ಈ ಪಾಠ ಮನೆಮಂದಿಗೆಲ್ಲ ಸೇರಿದ್ದು. ನಮ್ಮ ಮನೆಯಲ್ಲಿ ಶನಿವಾರದ ಉದ್ದು ನನ್ನ ಪಾಲು, ಪುಡಿ ಹುರಿಯುವುದು ಮನೆಯವರ ಪಾಲು, ರಜೆಗೆ ಬಂದ ಮೊಮ್ಮಗನಿಗೆ ಹಿಟ್ಟು ತೇಲುತ್ತದೆಯೇ ಎಂದು ನೋಡುವ ಕೆಲಸ. ಹತ್ತು ವರ್ಷದ ಆ ಹುಡುಗ ಕಳೆದ ಬೇಸಿಗೆಯಲ್ಲಿ ಹೋಟೆಲೊಂದರಲ್ಲಿ ಇಡ್ಲಿ ಮುರಿದು ಮೂಸಿ, "ತಾತ, ಇದು ಹುಳಿ ಬಂದೇ ಇಲ್ಲ, ಸೋಡಾ ಹಾಕಿದ್ದಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ. ಪಕ್ಕದ ಮೇಜಿನವರು ತಮ್ಮ ತಟ್ಟೆಯನ್ನು ಮೂಸಿ ನೋಡಿದರು. ನನಗೆ ಸಂಕೋಚವಾಗಬೇಕಿತ್ತು, ಆಗಲಿಲ್ಲ.

ನಿಮಗೆ ಕೊಡುವ ಗೃಹಪಾಠ ಸುಲಭ. ತಿಂಗಳಲ್ಲಿ ಎರಡು ಭಾನುವಾರ ಮನೆಯಲ್ಲಿ ಇಡ್ಲಿ ಮಾಡಿ, ಗಂಡುಮಕ್ಕಳನ್ನೂ ಕೆಲಸಕ್ಕೆ ಹಚ್ಚಿ. ಉಳಿದ ಭಾನುವಾರ ಹೋಟೆಲಿಗೆ ಹೋಗಿ. ಚೆನ್ನಾಗಿದ್ದರೆ ಅಡುಗೆಯವರನ್ನು ಕರೆಸಿ ಅವರೆದುರಿಗೇ ಹೇಳಿ, ಕೆಟ್ಟಿದ್ದರೆ ಗಲ್ಲಾದಲ್ಲಿ ಮೆಲುದನಿಯಲ್ಲಿ ಹೇಳಿ. ಎರಡನ್ನೂ ಹೇಳದೆ ಎದ್ದು ಬರಬೇಡಿ. ನಾನೂರು ಜನರಲ್ಲಿ ನಲವತ್ತು ಜನ ಬಾಯಿಬಿಟ್ಟರೆ ಸಾಕು, ಮರುದಿನದ ಚಟ್ನಿ ಹೊಸದಾಗಿರುತ್ತದೆ. ಹಿಟ್ಟು ಉಬ್ಬದಿದ್ದರೆ ನನಗೆ ದೂರವಾಣಿ ಮಾಡಿ. ಬೆಳಿಗ್ಗೆ ಆರರ ನಂತರ ಯಾವಾಗಲಾದರೂ ಆದೀತು, ಆ ವೇಳೆಗೆ ನನ್ನ ಮೊದಲ ಲೋಟ ಕಾಫಿ ಮುಗಿದಿರುತ್ತದೆ.