ಕದವಿಲ್ಲದ ಕಪಾಟು

‘ಕಪಾಟು’ ಎಂಬ ಮಾತಿನ ಮೂಲ ಸಂಸ್ಕೃತದ ‘ಕಪಾಟ’. ಅಲ್ಲಿ ಅದಕ್ಕೆ ಕದವೆಂದೇ ಅರ್ಥ. ‘ಅಲಮಾರು’ ಎಂಬುದು ಪೋರ್ಚುಗೀಸರ ‘ಅರ್ಮಾರಿಯೊ’ದ ಸಂತಾನ. ಹೀಗೆ ಕದದಿಂದಲೇ ಹೆಸರು ಪಡೆದ ಸಾಮಾನೊಂದು ಈಗ ಕದವನ್ನೇ ಕಳೆದುಕೊಳ್ಳುತ್ತಿದೆಯೆಂದರೆ ವಾಚಕರಿಗೆ ವಿನೋದವೆನಿಸಬಹುದು. ಆದರೂ ಉತ್ತಮ ದರ್ಜೆಯ ಎಷ್ಟೋ ಹೋಟೆಲುಗಳ ಅತಿಥಿಕೋಣೆಗಳಲ್ಲಿ ನಡೆದಿರುವುದು ಇದೇ.

ಹೆಸರಿನಲ್ಲಿಯೇ ಬೆಲ್ಲವನ್ನಿಟ್ಟುಕೊಂಡ ಬೆಲ್ಲದ ಬಾಗೇವಾಡಿಯಂತಹ ಊರಿಗೆ ಈ ಸುದ್ದಿ ಹೊಸದಾಗಿ ತೋರಲಾರದು. ಹುಕ್ಕೇರಿ, ಗೋಕಾಕ ಸೀಮೆಯ ಹಳೆಯ ಮನೆಗಳಲ್ಲಿ ಉಡುವ ಬಟ್ಟೆಗೆ ಕಪಾಟು ಎಲ್ಲಿತ್ತು? ತೊಲೆಗೆ ಹಗ್ಗ ಕಟ್ಟಿ ತೂಗುಬಿಟ್ಟ ಗಳು, ಗೋಡೆಯಲ್ಲಿ ಗಿಳಿಗೂಟ, ದೀಪಕ್ಕೂ ಚಿಲ್ಲರೆ ಸಾಮಾನಿಗೂ ಮಾಡ, ಹಬ್ಬದ ಸೀರೆಗೆ ಪೆಟ್ಟಿಗೆ: ಇಷ್ಟೇ ಏರ್ಪಾಡು. ಬಂದ ಬೀಗರು ರುಮಾಲನ್ನು ಗೂಟಕ್ಕೆ ಸಿಗಿಸಿ, ಶಲ್ಯವನ್ನು ಗಳುವಿನ ಮೇಲೆ ಹಾಕಿ, ಹೊರಡುವಾಗ ಕಣ್ಣೆದುರಿಗಿದ್ದುದನ್ನು ಎತ್ತಿಕೊಂಡು ಹೋಗುತ್ತಿದ್ದರು. ಯಾವುದು ಎಲ್ಲಿದೆಯೆಂದು ಯಾರನ್ನೂ ಕೇಳುವ ಪ್ರಸಂಗವೇ ಇರಲಿಲ್ಲ.

ಶ್ರೀಮಂತ ಅತಿಥಿಗಳ ರೀತಿ ಬೇರೆಯಾಗಿತ್ತು. ವೈಸ್‌ರಾಯರ ವಾಸ್ತವ್ಯಕ್ಕಾಗಿ ಮೈಸೂರಿನಲ್ಲಿ ಲಲಿತಮಹಲು ನಿರ್ಮಾಣವಾದ 1921ರ ಸುಮಾರಿಗೆ ದೊಡ್ಡವರ ಪ್ರಯಾಣವೆಂದರೆ ಟ್ರಂಕುಗಳ ಸಾಲು, ಅವನ್ನು ಬಿಚ್ಚಿ ಜೋಡಿಸಲು ಆಳುಗಳು, ವಾರಗಟ್ಟಲೆ ತಂಗುದಾಣ. ಅಂಥವರಿಗೆ ಆಳೆತ್ತರದ, ಕೀಲಿಕೈಯುಳ್ಳ ಬೀರುಗಳು ತಕ್ಕವಾಗಿದ್ದವು. ಆ ಅರಮನೆ 1974ರಲ್ಲಿ ಹೋಟೆಲಾಯಿತು. ಅಷ್ಟು ಹೊತ್ತಿಗೆ ಪ್ರವಾಸಿಗಳ ನಡೆಯೇ ಬದಲಾಗಿತ್ತು. ಅಮೆರಿಕದ ಬಫೆಲೊ ನಗರದಲ್ಲಿ ಸ್ಟ್ಯಾಟ್ಲರ್ ಎಂಬ ಉದ್ಯಮಿ 1908ರಲ್ಲಿ ತೆರೆದ ಹೋಟೆಲಿನಲ್ಲಿ ಸಾಧಾರಣ ಗಿರಾಕಿಗೂ ಕೋಣೆಗೊಂದು ಸ್ನಾನಗೃಹ, ಬಟ್ಟೆಗೊಂದು ಗೂಡು ದೊರೆತಿದ್ದವು. ಗೋಡೆಯೊಳಗೆ ಸೇರಿಹೋದ ಇಂದಿನ ಕಪಾಟು ಆ ಏರ್ಪಾಡಿನ ವಂಶದ್ದೇ.

ಇಂದಿನ ಅತಿಥಿ ಉಳಿಯುವುದು ಹಲವೇಳೆ ಒಂದೆರಡು ರಾತ್ರಿ ಮಾತ್ರ. ಆತ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುವುದಿಲ್ಲ. ನಾಳೆಯ ಅಂಗಿ, ಸಂಜೆಯ ಕೋಟು, ಮದುವೆಗೆ ಬಂದವಳಾದರೆ ಜರಿಸೀರೆ, ಇಷ್ಟನ್ನು ಹೊರಗೆ ತೆಗೆಯುವುದುಂಟು. ಇದನ್ನು ಕದದ ಹಿಂದಿಟ್ಟರೆ ಬೆಳಗಿನ ರೈಲಿನ ಅವಸರದಲ್ಲಿ ಮರೆತುಹೋಗುವುದು ಸುಲಭ. ಮರೆತ ವಸ್ತುವನ್ನು ಜೋಪಾನ ಮಾಡುವುದು, ಒಡೆಯನನ್ನು ಹುಡುಕುವುದು, ಕಳುಹಿಸಿಕೊಡುವುದು ಹೋಟೆಲಿನವರಿಗೆ ಹೊರೆ; ಅತಿಥಿಗಂತೂ ಪ್ರಯಾಣದ ಸುಖವೆಲ್ಲ ಅಲ್ಲಿಗೇ ಕರಗಿತು. ಆದುದರಿಂದಲೇ ಜಾಣ ವಿನ್ಯಾಸಕಾರರು ಕದವನ್ನು ತೆಗೆದು, ಕೋಲು, ಗೂಟ, ಪೆಟ್ಟಿಗೆ ಇಡುವ ಜಗಲಿ, ಇವು ಮೂರನ್ನೇ ಎದುರಿಗಿಡುತ್ತಾರೆ. ಹಳೆಯ ಗಳುವೇ ಹೊಸ ಹೊಳಪಿನಲ್ಲಿ ಮರಳಿದಂತಾಯಿತು.

ಬೆಲ್ಲದ ಬಾಗೇವಾಡಿಯ ಬಡಿಗನೊಬ್ಬನಿಗೆ ಬೆಳಗಾವಿಯ ಹೋಟೆಲೊಂದರ 40 ಕೋಣೆಗಳ ಕೆಲಸ ಬಂದಿತೆನ್ನಿ. ಮನೆಯ ಕಪಾಟು ಮಾಡಿ ಪಳಗಿದ ಕೈಗೆ ಇಲ್ಲಿ ಬೇರೊಂದು ಲೆಕ್ಕ ಬೇಕಾಗುತ್ತದೆ. ಬಟ್ಟೆ ತೂಗುವ ಹ್ಯಾಂಗರಿನ ಅಗಲ ಸುಮಾರು 45 ಸೆಂಟಿಮೀಟರು. ಕೋಟಿನ ತೋಳು ಗೋಡೆಗೆ ಉಜ್ಜದಿರಬೇಕಾದರೆ ಒಳಗಿನ ಆಳ 55ರಿಂದ 60 ಸೆಂಟಿಮೀಟರು ಬೇಕು. ಅಷ್ಟು ಸ್ಥಳವಿಲ್ಲದ ಕಡೆ ಕೋಲನ್ನು ಅಡ್ಡಲಾಗಿ ಹಾಕದೆ, ಮುಂದಕ್ಕೆ ಎಳೆದುಕೊಳ್ಳುವಂತೆ ಜೋಡಿಸಿದರೆ 40 ಸೆಂಟಿಮೀಟರಿನ ಆಳದಲ್ಲಿಯೂ ಕೆಲಸ ಸಾಗುತ್ತದೆ. ಕೋಟಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚಿನ ಇಳಿಜಾಗ ಸಾಕು. ನಿಲುವಂಗಿಗೆ ಒಂದೂವರೆ ಮೀಟರು ಬೇಕು. ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಇಳಿಬಿಟ್ಟರೆ ಸುಮಾರು 70 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಆದರೆ ತೆಳುವಾದ ತಂತಿಯ ಹ್ಯಾಂಗರಿನ ಮೇಲೆ ಜರಿಯಲ್ಲಿ ಗೆರೆ ಬೀಳುವುದನ್ನು ಗೃಹಿಣಿಯರು ಬಲ್ಲರು. ದುಂಡನೆಯ ಮರದ ಕೋಲೇ ಅದಕ್ಕೆ ಯೋಗ್ಯ.

ಕೋಲಿನ ಎತ್ತರವೂ ವಿಚಾರಿಸತಕ್ಕದ್ದು. ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಎಟುಕಬೇಕಾದರೆ 122 ಸೆಂಟಿಮೀಟರಿಗಿಂತ ಮೇಲೆ ಹೋಗಕೂಡದೆಂದು ಅಮೆರಿಕದ ನಿಯಮ ಹೇಳುತ್ತದೆ. ವಯಸ್ಸಾದ ಅತ್ತೆಯವರಿಗೂ ಎಳೆಯ ಮಕ್ಕಳಿಗೂ ಆ ಎತ್ತರ ಹಿತವೇ. ಕೋಲುಗಳನ್ನು ಎರಡು ಎತ್ತರದಲ್ಲಿಟ್ಟರೆ ಯಾರಿಗೂ ತೊಂದರೆಯಿಲ್ಲ. ಪೆಟ್ಟಿಗೆಯ ಜಗಲಿ ಕುರ್ಚಿಯಷ್ಟೇ, ಎಂದರೆ 45 ಸೆಂಟಿಮೀಟರು ಎತ್ತರವಿದ್ದರೆ ನೆಲದವರೆಗೆ ಬೆನ್ನು ಬಾಗಿಸಬೇಕಾಗದು.

ಇನ್ನು ಹಲಗೆಯ ಮಾತು. ಹೋಟೆಲಿನ ಕಪಾಟು ಅನೇಕ ವೇಳೆ ಸ್ನಾನಗೃಹದ ಗೋಡೆಗೆ ಬೆನ್ನುಕೊಟ್ಟು ನಿಲ್ಲುತ್ತದೆ. ಆ ಗೋಡೆಯ ತೇವ ಹಲಗೆಯನ್ನು ಉಬ್ಬಿಸುವುದು ಮೊದಲು ಅಂಚಿನಿಂದ. ಅಂಚನ್ನು ಮುಚ್ಚದೆ ಬಿಟ್ಟ ಅಗ್ಗದ ಹಲಗೆಗೆ ಆಯುಸ್ಸು ಕಡಮೆ. ಅಲ್ಲಿಗೆ ‘ಐಎಸ್ 710’ ಎಂಬ ಮಾನಕದ ನೀರುತಾಳುವ ಪ್ಲೈವುಡ್ ಹಾಕಿ, ಹಿಂದೆ ಗಾಳಿಗೆ ಒಂದೆರಡು ಬೆರಳಿನ ಸಂದು ಬಿಡುವುದು ಲೇಸು. ತೇವ ತಾಕದ ಒಳತಟ್ಟುಗಳಿಗೆ ಕಬ್ಬಿನ ಸಿಪ್ಪೆಯ ಹಲಗೆಯೂ ಆಗುತ್ತದೆ. 1920ರ ದಶಕದಲ್ಲಿಯೇ ಅಮೆರಿಕದ ಲೂಯಿಸಿಯಾನದಲ್ಲಿ ಕಬ್ಬಿನ ಸಿಪ್ಪೆಯಿಂದ ‘ಸೆಲೊಟೆಕ್ಸ್’ ಎಂಬ ಹಲಗೆ ತಯಾರಾಗುತ್ತಿತ್ತು. ಸುತ್ತಲೂ ಕಬ್ಬಿನ ಗದ್ದೆಗಳು, ಪಕ್ಕದಲ್ಲೇ ಸಕ್ಕರೆ ಕಾರಖಾನೆ ಇರುವ ಬೆಲ್ಲದ ಬಾಗೇವಾಡಿಯ ಬಡಿಗನಿಗೆ ಈ ಸಂಗತಿ ತಿಳಿದಿರುವುದು ಒಳ್ಳೆಯದು. ಆದರೆ ಸಕ್ಕರೆ ಕಾರಖಾನೆಗಳಿಗೆ ಸಿಪ್ಪೆಯೇ ಉರುವಲು. ಉಗಿಗೂ ವಿದ್ಯುತ್ತಿಗೂ ಅದು ಬೇಕು. ಹಲಗೆಗೆ ಉಳಿಯುವುದು ಅದರಿಂದ ಮಿಕ್ಕದ್ದು.

ಈ ಕೆಲಸದಲ್ಲಿ ಬಡಿಗನ ಗಂಟು ಕರಗುವುದು ಅಳತೆಯ ತಪ್ಪಿನಿಂದ. ನಕಾಶೆಯಲ್ಲಿ 40 ಕೋಣೆಗಳೂ ಒಂದೇ. ಕಟ್ಟಿದ ಗೋಡೆಗಳು ಹಾಗಿರುವುದಿಲ್ಲ. ಪ್ರತಿ ಕೋಣೆಯಲ್ಲಿಯೂ ಮೇಲೆ, ನಡುವೆ, ಕೆಳಗೆ ಅಳೆದು, ಮೂರರಲ್ಲಿ ಚಿಕ್ಕದನ್ನು ಹಿಡಿದು, ಉಳಿದ ಸಂದಿಗೆ ಗೋಡೆಯ ಓರೆಗೆ ತಕ್ಕಂತೆ ಕೆತ್ತಿದ ಪಟ್ಟಿ ಕೂರಿಸಬೇಕು. ಒಂದು ಸೆಂಟಿಮೀಟರು ದೊಡ್ಡದಾಗಿ ಕೊಯ್ದ ಹಲಗೆ ಒಂದು ಮನೆಯಲ್ಲಾದರೆ ಒಂದು ದಿನದ ನಷ್ಟ. ಇಲ್ಲಿ ಅದು 40 ಪಟ್ಟು. ಆದುದರಿಂದ ಮೊದಲು ಒಂದೇ ಕೋಣೆಯನ್ನು ಮಾದರಿಯಾಗಿ ಪೂರೈಸಿ, ಒಡೆಯರಿಂದಲೂ ಕೋಣೆ ಗುಡಿಸುವ ಕೆಲಸದವರಿಂದಲೂ ಒಪ್ಪಿಗೆ ಪಡೆದು, ಆಮೇಲೆ ಉಳಿದವಕ್ಕೆ ಕೈಹಾಕುವುದು ರೂಢಿ. ಧೂಳು ಕೂರುವ ಮೂಲೆ ಯಾವುದೆಂದು ನಕಾಶೆ ಬರೆದವರಿಗಿಂತ ಗುಡಿಸುವವರೇ ಚೆನ್ನಾಗಿ ಹೇಳಬಲ್ಲರು.

ಕಡೆಯದಾಗಿ ಹ್ಯಾಂಗರಿನ ವಿಷಯ. ಕೊಕ್ಕೆಯೇ ಇಲ್ಲದ, ಕೋಲಿಗೆ ಬಿಗಿದ ಬಳೆಯಲ್ಲಿ ಸಿಗಿಸುವ ಹ್ಯಾಂಗರುಗಳನ್ನು ಅನೇಕರು ಕಂಡಿರಬಹುದು. ಅತಿಥಿಯು ಅದನ್ನು ಮನೆಗೆ ಒಯ್ಯಬಾರದೆಂಬುದೇ ಅದರ ಹಿಂದಿನ ಯುಕ್ತಿ. ಒದ್ದೆ ಅಂಗಿಯನ್ನು ಅದರ ಮೇಲೆ ಹಾಕಿ ಕಿಟಕಿಯ ಬಳಿ ಒಯ್ದು ಒಣಗಿಸುವಂತಿಲ್ಲ; ಕೋಲಿನಲ್ಲಿ ಮತ್ತೆ ಸಿಗಿಸಲು ಕತ್ತಲೆಯಲ್ಲಿ ತಡಕಾಡಬೇಕು. ರಾತ್ರಿಯೊಂದಕ್ಕೆ ಸಾವಿರಾರು ರೂಪಾಯಿ ತೆತ್ತ ಮನುಷ್ಯನನ್ನು ಕೆಲವೇ ರೂಪಾಯಿಗಳ ಕೊಕ್ಕೆಗಾಗಿ ಸಂಶಯಿಸಿದಂತಾಗುವುದಿಲ್ಲವೆ? ಅಮೃತಶಿಲೆಯ ನೆಲವೂ ಬೆಳ್ಳಿಯ ಹಿಡಿಕೆಯೂ ಆ ಸಣ್ಣ ಅಪಮಾನವನ್ನು ಮುಚ್ಚಲಾರವು. ಕೊಕ್ಕೆಯುಳ್ಳ ಒಳ್ಳೆಯ ಮರದ ಹ್ಯಾಂಗರುಗಳನ್ನೇ ಇಟ್ಟು, ವರ್ಷದಲ್ಲಿ ಕೆಲವು ಹೋದರೆ ಹೋಗಲಿ ಎನ್ನುವ ಹೋಟೆಲಿಗೆ ಜನ ಮರಳಿ ಬರುತ್ತಾರೆ.

ಮನೆಗೆ ನಂಟರು ಬರುವ ಕಾಲದಲ್ಲಿ ವಾಚಕರೂ ಈ ಪಾಠವನ್ನು ಬಳಸಿಕೊಳ್ಳಬಹುದು. ತುಂಬಿ ತುಳುಕುವ ಕಪಾಟಿನಲ್ಲಿ ಒಂದು ಮೂಲೆ ತೆರವು ಮಾಡಿಕೊಡುವುದಕ್ಕಿಂತ, ಬಾಗಿಲ ಬಳಿ ನಾಲ್ಕು ಗೂಟ, ಒಂದು ಕೋಲು, ಪೆಟ್ಟಿಗೆಗೊಂದು ಮಣೆ ಏರ್ಪಡಿಸಿದರೆ ಸಾಕು. ಬಂದವರಿಗೆ ಸಂಕೋಚ ತಪ್ಪುತ್ತದೆ. ಅವರು ಹೋದ ಮೇಲೆ ಮರೆತ ಶಾಲು ಕಳುಹಿಸುವ ಅಂಚೆಯ ಖರ್ಚೂ ಉಳಿಯುತ್ತದೆ.